ನವೋದಯ, ಮೊರಾರ್ಜಿ, ಆದರ್ಶ, ಸೈನಿಕ: ಯಾವ ಮಗುವಿಗೆ ಯಾವ ಪರೀಕ್ಷೆ ಕಟ್ಟಿಸಬೇಕು?

‘ಮಿಸ್, ನಮ್ಮ ಹುಡುಗಂಗೆ ನವೋದಯ ಕಟ್ಟಿಸಿ’ ಅಂತ ಪ್ರತಿ ಜೂನ್‌ನಲ್ಲಿ ನಾಲ್ಕೈದು ಜನ ಶಾಲೆಗೆ ಬರುತ್ತಾರೆ. ಪಕ್ಕದ ಮನೆ ಹುಡುಗನಿಗೆ ಸೀಟು ಸಿಕ್ಕಿರುತ್ತೆ, ಅದಕ್ಕೆ. ‘ಯಾಕೆ ನವೋದಯನೇ?’ ಅಂದರೆ ‘ಅವನು ತುಂಬಾ ಶಾರ್ಪು ಮಿಸ್’ ಅನ್ನುತ್ತಾರೆ. ಶಾರ್ಪು ಸರಿ. ಆದರೆ ಯಾವುದರಲ್ಲಿ?

ನಾನು ಶ್ರೀನಿವಾಸಪುರ ತಾಲ್ಲೂಕಿನ ಒಂದು ಸರ್ಕಾರಿ ಶಾಲೆಯಲ್ಲಿ 5ನೇ ತರಗತಿ ನೋಡಿಕೊಳ್ಳುತ್ತೇನೆ. ಅರ್ಜಿ ಹಾಕಿಸೋದು, ಹಾಲ್ ಟಿಕೆಟ್ ತೆಗೆದುಕೊಡೋದು, ಪರೀಕ್ಷೆ ದಿನ ಆಟೋ ಮಾಡಿಸೋದು ಎಲ್ಲ ನನ್ನ ತಲೆ ಮೇಲೇ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆಯ ಅಪ್ಪ ಅಮ್ಮಂದಿರು ಕೇಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಒಂದೇ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ. 6ನೇ ತರಗತಿಗೆ ಸೇರಿಸಿಕೊಳ್ಳೋಕೆ ನಡೆಸುವ ಈ ಪರೀಕ್ಷೆಗಳಲ್ಲಿ ಯಾವುದೂ ‘ಬುದ್ಧಿವಂತ ಮಗು ಯಾವುದು’ ಅಂತ ಹುಡುಕೋದಿಲ್ಲ. ಒಂದೊಂದೂ ಒಂದೊಂದು ಜರಡಿ. ರಾಗಿ ಜರಡಿಯಲ್ಲಿ ಹುರುಳಿ ಇಳಿಯಲ್ಲ, ಅದಕ್ಕೆ ಹುರುಳಿ ಕೆಟ್ಟದ್ದು ಅನ್ನೋಕಾಗುತ್ತಾ? ಶಾಲೆ ಯಾವುದು ಅಂತ ಕೇಳೋದಕ್ಕೆ ಮುಂಚೆ ಜರಡಿ ಎಂಥದ್ದು ಅಂತ ನೋಡಿ.

ನವೋದಯ: ಚಿತ್ರ ನೋಡಿ ಯೋಚಿಸುವ ಮಗುವಿಗೆ

ಜಿಲ್ಲೆಗೆ ಒಂದು ಲೆಕ್ಕದಲ್ಲಿ 1986ರ ಶಿಕ್ಷಣ ನೀತಿಯ ಕಾಲದಿಂದ ನಡೆದುಬಂದ ಕೇಂದ್ರ ಸರ್ಕಾರದ ವಸತಿ ಶಾಲೆ ಇದು. ಹಳ್ಳಿ ಮಕ್ಕಳಲ್ಲಿರುವ ಪ್ರತಿಭೆಯನ್ನು ಗುರುತಿಸಬೇಕು ಅನ್ನೋದೇ ಇದರ ಹುಟ್ಟಿನ ಉದ್ದೇಶ. 6ನೇ ತರಗತಿಗೆ ಒಂದು ಶಾಲೆಯಲ್ಲಿ ಹೆಚ್ಚೆಂದರೆ 80 ಸೀಟು. ಅದರಲ್ಲಿ ಕನಿಷ್ಠ 75% ಗ್ರಾಮೀಣ ಮಕ್ಕಳಿಗೆ, ಮೂರರಲ್ಲಿ ಒಂದು ಪಾಲು ಹೆಣ್ಣುಮಕ್ಕಳಿಗೆ. ಗ್ರಾಮೀಣ ಕೋಟಾ ಬೇಕು ಅಂದರೆ 3, 4, 5 ಮೂರೂ ತರಗತಿ ಹಳ್ಳಿ ಶಾಲೆಯಲ್ಲೇ ಓದಿರಬೇಕು. ಮೂರನೇ ಕ್ಲಾಸಿಗೆ ಪಟ್ಟಣದ ಕಾನ್ವೆಂಟಿಗೆ ಸೇರಿಸಿ, ಐದಕ್ಕೆ ಊರಿಗೆ ವಾಪಸ್ ತಂದು ‘ನಾವು ಹಳ್ಳಿಯವರೇ ಅಲ್ವಾ ಮಿಸ್’ ಅಂದರೆ ನಡೆಯಲ್ಲ.

ಪರೀಕ್ಷೆ ಎರಡು ಗಂಟೆ, 80 ಪ್ರಶ್ನೆ, 100 ಅಂಕ. ಮಾನಸಿಕ ಸಾಮರ್ಥ್ಯಕ್ಕೆ 40 ಪ್ರಶ್ನೆ, 50 ಅಂಕ. ಗಣಿತಕ್ಕೆ 20 ಪ್ರಶ್ನೆ, 25 ಅಂಕ. ಭಾಷೆಗೂ ಅಷ್ಟೇ. ಕನ್ನಡದಲ್ಲೇ ಬರೆಯಬಹುದು. ತಪ್ಪು ಉತ್ತರಕ್ಕೆ ಅಂಕ ಕಳೆಯೋದಿಲ್ಲ.

ಆ ಮೊದಲ 50 ಅಂಕ ಪೂರ್ತಿ ಚಿತ್ರಗಳು. ನಾಲ್ಕರಲ್ಲಿ ಬೇರೆಯಾದದ್ದು ಯಾವುದು, ಕನ್ನಡಿಯಲ್ಲಿ ಹೇಗೆ ಕಾಣುತ್ತೆ, ಈ ಚಿತ್ರದೊಳಗೆ ಆ ಚಿತ್ರ ಎಲ್ಲಿ ಅಡಗಿದೆ, ಇಂಥವು. ಕಾಗದ ಮಡಚಿ ತೂತು ಮಾಡಿ ಬಿಚ್ಚಿದರೆ ತೂತುಗಳು ಎಲ್ಲೆಲ್ಲಿ ಬರುತ್ತವೆ ಅನ್ನೋದೂ ಒಂದು. ಇದನ್ನು ಬೋರ್ಡ್ ಮೇಲೆ ಬರೆದು ಹೇಳಿಕೊಟ್ಟರೆ ಮಕ್ಕಳು ಆಕಳಿಸುತ್ತವೆ. ಹಳೆ ನೋಟ್‌ಬುಕ್ಕಿನ ಹಾಳೆ ಹರಿದು, ಎರಡು ಸಲ ಮಡಚಿ, ಕೈವಾರದ ಮುಳ್ಳಿನಿಂದ ಚುಚ್ಚಿಸುತ್ತೇನೆ. ಬಿಚ್ಚುವ ಮುಂಚೆ ‘ಎಷ್ಟು ತೂತು, ಎಲ್ಲಿ?’ ಅಂತ ಕೇಳುತ್ತೇನೆ. ಹತ್ತು ನಿಮಿಷದಲ್ಲಿ ಯಾರ ತಲೆ ಹೀಗೆ ಓಡುತ್ತೆ ಅಂತ ಗೊತ್ತಾಗಿಬಿಡುತ್ತೆ. ಅಂಕಪಟ್ಟಿಗೂ ಇದಕ್ಕೂ ಎಷ್ಟೋ ಸಲ ಸಂಬಂಧವೇ ಇರೋದಿಲ್ಲ.

ನಮ್ಮ ಕಡೆಗೆ ಈ ಜರಡಿ ಒಂದು ರೀತಿಯಲ್ಲಿ ಒಳ್ಳೆಯದು. ಶ್ರೀನಿವಾಸಪುರ, ಮುಳಬಾಗಿಲು, ಬಾಗೇಪಲ್ಲಿ, ಪಾವಗಡ ಕಡೆ ಎಷ್ಟೋ ಮನೆಗಳಲ್ಲಿ ಮಾತು ತೆಲುಗು, ಓದು ಕನ್ನಡ. ಚಿತ್ರಕ್ಕೆ ಭಾಷೆಯ ಹಂಗಿಲ್ಲ. ತೊಂದರೆ ಬರೋದು ಭಾಷೆಯ 25 ಅಂಕದಲ್ಲಿ. ಅಲ್ಲಿ ವ್ಯಾಕರಣ ಕಂಠಪಾಠ ಕೇಳೋದಿಲ್ಲ, ನಾಲ್ಕು ಗದ್ಯಭಾಗ ಕೊಟ್ಟು ಒಂದೊಂದಕ್ಕೆ ಐದು ಪ್ರಶ್ನೆ ಕೇಳುತ್ತಾರೆ. ಒಂದು ಸಲ ಅಭ್ಯಾಸಕ್ಕೆ ಕೊಟ್ಟ ಗದ್ಯದಲ್ಲಿ ‘ತವರು’ ಅಂತ ಬಂತು. ಒಬ್ಬ ಹುಡುಗ ಪೆನ್ನು ಕಚ್ಚಿಕೊಂಡು ಕೂತಿದ್ದ. ‘ಏನೋ?’ ಅಂದೆ. ‘ತವರು ಅಂದ್ರೇನು ಮಿಸ್?’ ‘ಪುಟ್ಟಿಲ್ಲು ಕಣೋ’ ಅಂದೆ. ಅಷ್ಟೇ, ಐದೂ ಪ್ರಶ್ನೆ ಎರಡು ನಿಮಿಷದಲ್ಲಿ ಮುಗಿಸಿದ. ಪರೀಕ್ಷಾ ಕೊಠಡಿಯಲ್ಲಿ ಪುಟ್ಟಿಲ್ಲು ಅಂತ ಹೇಳೋಕೆ ಯಾರಿರುತ್ತಾರೆ? ಮನೆಮಾತು ತೆಲುಗೋ ಉರ್ದುವೋ ಆಗಿದ್ದರೆ ಕೋಚಿಂಗ್‌ಗಿಂತ ಮೊದಲು ದಿನಕ್ಕೊಂದು ಕನ್ನಡ ಕಥೆ ಓದಿಸಿ. ಗೈಡ್‌ಗಿಂತ ಅದು ಅಗ್ಗ, ಅದರಿಂದ ಉಪಯೋಗವೂ ಜಾಸ್ತಿ.

ಸೇರಿಸುವ ಮುಂಚೆ ಯೋಚಿಸಬೇಕಾದದ್ದು ಇನ್ನೂ ಇದೆ. ಸಿಬಿಎಸ್‌ಇ ಪಠ್ಯ, ಊಟ ವಸತಿ ಉಚಿತ. 9ನೇ ತರಗತಿಯಿಂದ ಕೆಲವರಿಗೆ ತಿಂಗಳಿಗೆ ₹600 ವಿಕಾಸ ನಿಧಿ ಅಂತ ಕಟ್ಟೋದಿರುತ್ತೆ. ಹೆಣ್ಣುಮಕ್ಕಳು, ಪರಿಶಿಷ್ಟ ಜಾತಿ, ಪಂಗಡ ಮತ್ತು ಬಡತನ ರೇಖೆಗಿಂತ ಕೆಳಗಿನ ಮನೆಯ ಮಕ್ಕಳಿಗೆ ಅದೂ ಇಲ್ಲ. ಆದರೆ 9ನೇ ತರಗತಿಯಲ್ಲಿ ನೂರಕ್ಕೆ 30 ಮಕ್ಕಳನ್ನು ಒಂದು ವರ್ಷ ಹಿಂದಿ ಸೀಮೆಯ ನವೋದಯಕ್ಕೆ ಕಳಿಸುತ್ತಾರೆ. ಇದನ್ನು ಕೇಳಿದ ಕೂಡಲೇ ಅಜ್ಜಿಯರು ‘ಬೇಡಮ್ಮ’ ಅಂದುಬಿಡುತ್ತಾರೆ. ಹೋಗಿ ಬಂದ ಮಕ್ಕಳು ಮಾತ್ರ ಆ ವರ್ಷದ ಬಗ್ಗೆ ಹೇಳಿದ್ದೇ ಹೇಳಿದ್ದು.

ಇನ್ನೊಂದು ಮಾತು. ಈ ಪರೀಕ್ಷೆ ಜೀವನದಲ್ಲಿ ಒಂದೇ ಸಲ. ಮಗುವನ್ನು ಅದೇ ತರಗತಿಯಲ್ಲಿ ಕೂರಿಸಿ ಮತ್ತೆ ಬರೆಸೋಕೆ ಬರೋದಿಲ್ಲ. ಖಾಲಿ ಸೀಟು ಇದ್ದರೆ 9ಕ್ಕೆ ಬೇರೆ ಪರೀಕ್ಷೆ ಇದೆ. ಹಾಗೇ ಮಗು ಓದುವ ಜಿಲ್ಲೆ, ವಾಸ ಇರುವ ಜಿಲ್ಲೆ ಎರಡೂ ಒಂದೇ ಆಗಿರಬೇಕು. 2007ರಲ್ಲಿ ಕೋಲಾರ ಒಡೆದು ಚಿಕ್ಕಬಳ್ಳಾಪುರ ಆದಮೇಲೆ, ಮನೆ ಚಿಂತಾಮಣಿ ಕಡೆ, ಶಾಲೆ ಈ ಕಡೆ ಅನ್ನುವ ಗಡಿ ಊರಿನವರು ಇದನ್ನು ನೋಡಿಕೊಳ್ಳಬೇಕು.

ಮೊರಾರ್ಜಿ: ಪಾಠ ಚೆನ್ನಾಗಿ ಓದಿದ ಮಗುವಿಗೆ

ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ, ಅಂಬೇಡ್ಕರ್, ಅಟಲ್ ಬಿಹಾರಿ ವಾಜಪೇಯಿ, ಇಂದಿರಾ ಗಾಂಧಿ ವಸತಿ ಶಾಲೆಗಳು ರಾಜ್ಯ ಸರ್ಕಾರದ ಒಂದೇ ಸಂಘದವು. 6ನೇ ತರಗತಿಗೆ ಪ್ರವೇಶ ಪರೀಕ್ಷೆಯೂ ಒಂದೇ. ಈಚಿನ ವರ್ಷಗಳಲ್ಲಿ ಇದನ್ನು ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ನಡೆಸುತ್ತಿದೆ, ಸಿಇಟಿ ನಡೆಸುವ ಅದೇ ಪ್ರಾಧಿಕಾರ.

ಇಲ್ಲಿ ಚಿತ್ರದ ಆಟ ಮುಖ್ಯ ಅಲ್ಲ. ಕನ್ನಡ, ಇಂಗ್ಲಿಷ್, ಗಣಿತ, ಪರಿಸರದ ಪಾಠಗಳನ್ನು ಓದಿ ನೆನಪಿಟ್ಟ ಮಗು ಗೆಲ್ಲುತ್ತೆ. ಹೋಂವರ್ಕ್ ತಪ್ಪಿಸದ, ಪುಸ್ತಕಕ್ಕೆ ಬೈಂಡ್ ಹಾಕಿಕೊಂಡು ಬರುವ ಹುಡುಗಿ ಇರುತ್ತಾಳಲ್ಲ, ಅವಳಿಗೆ ಹೇಳಿ ಮಾಡಿಸಿದ ಪರೀಕ್ಷೆ.

ಆದರೆ ಅಂಕದಷ್ಟೇ ಕಾಗದವೂ ಮುಖ್ಯ. ಜಾತಿ ಮತ್ತು ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್ ಇಲ್ಲದೆ ಅರ್ಜಿ ಮುಂದಕ್ಕೆ ಹೋಗಲ್ಲ. ವರ್ಗಕ್ಕೆ ತಕ್ಕಂತೆ ಮೀಸಲಾತಿ, ಆದಾಯ ಮಿತಿ. ಶಾಲೆಗಳನ್ನು ಯಾವ ಕ್ರಮದಲ್ಲಿ ಬೇಕು ಅಂತ ನಾವೇ ಬರೆಯಬೇಕು. ಎಲ್ಲರೂ ಊರ ಹತ್ತಿರದ ಒಂದೇ ಶಾಲೆ ಮೊದಲು ಬರೆದರೆ ಅಲ್ಲಿ ಪೈಪೋಟಿ ಜಾಸ್ತಿ ಆಗುತ್ತೆ. ಪಕ್ಕದ ತಾಲ್ಲೂಕಿನದನ್ನೂ ಬರೆಯಿರಿ.

ಆದರ್ಶ: ಮನೆ ಬಿಡಿಸೋದು ಬೇಡ ಅನ್ನುವವರಿಗೆ

ಶೈಕ್ಷಣಿಕವಾಗಿ ಹಿಂದುಳಿದ ತಾಲ್ಲೂಕುಗಳಿಗೆ ಅಂತ ರಾಜ್ಯದಲ್ಲಿ 74 ಆದರ್ಶ ವಿದ್ಯಾಲಯಗಳಿವೆ. 6ನೇ ತರಗತಿಗೆ 80 ಸೀಟು, ಇಂಗ್ಲಿಷ್ ಮಾಧ್ಯಮ, ರಾಜ್ಯ ಪಠ್ಯಕ್ರಮ. ಹಾಸ್ಟೆಲ್ ಇಲ್ಲ, ಸಂಜೆ ಮಗು ಮನೆಗೆ ಬರುತ್ತೆ. ಪ್ರವೇಶ ಪರೀಕ್ಷೆ ಬರೆಯಬೇಕು. ನಿಮ್ಮ ತಾಲ್ಲೂಕಿನಲ್ಲಿ ಇದೆಯಾ ಅಂತ ಬಿಇಒ ಕಚೇರಿಯಲ್ಲಿ ಕೇಳಿ. ಇದ್ದರೆ ಬೆಳಿಗ್ಗೆ ಬಸ್ಸು ಎಷ್ಟು ಗಂಟೆಗೆ ಅಂತಲೂ ಕೇಳಿ. ಸೀಟು ಸಿಕ್ಕಿಯೂ ಬಸ್ಸಿಲ್ಲದೆ ಬಿಟ್ಟ ಮಕ್ಕಳನ್ನು ನೋಡಿದ್ದೇನೆ.

ಸೈನಿಕ ಶಾಲೆ: ಗಣಿತದ ಮಗುವಿಗೆ, ಆದರೆ ಜೇಬು ನೋಡಿಕೊಂಡು

ನಮ್ಮ ರಾಜ್ಯದಲ್ಲಿ ಹಳೆಯದು ವಿಜಯಪುರದ್ದು, 1963ರದು. ಕೊಡಗಿನದು 2007ರದು. 6ನೇ ತರಗತಿಯ ಪರೀಕ್ಷೆಯಲ್ಲಿ ಒಟ್ಟು 300 ಅಂಕ, ಅದರಲ್ಲಿ 150 ಗಣಿತಕ್ಕೇ. ಉಳಿದ 150 ಬುದ್ಧಿಶಕ್ತಿ, ಭಾಷೆ, ಸಾಮಾನ್ಯ ಜ್ಞಾನಕ್ಕೆ ತಲಾ 50. 6ನೇ ತರಗತಿಗೆ ಕನ್ನಡದಲ್ಲಿ ಬರೆಯಬಹುದು ಅನ್ನೋದು ಬಹಳ ಜನಕ್ಕೆ ಗೊತ್ತೇ ಇಲ್ಲ. ಮಾರ್ಚ್ 31ಕ್ಕೆ ವಯಸ್ಸು 10ರಿಂದ 12ರ ಒಳಗಿರಬೇಕು. ಈಗ ಹೆಣ್ಣುಮಕ್ಕಳನ್ನೂ ತೆಗೆದುಕೊಳ್ಳುತ್ತಾರೆ. ಲಿಖಿತ ಪರೀಕ್ಷೆ ಆದಮೇಲೆ ವೈದ್ಯಕೀಯ ಪರೀಕ್ಷೆ. ಕಣ್ಣಿನ ದೋಷ ಇದ್ದರೆ ಮೊದಲೇ ಡಾಕ್ಟರ್ ಹತ್ತಿರ ತೋರಿಸಿಕೊಳ್ಳಿ. ವರ್ಷದ ಖರ್ಚು ಲಕ್ಷ ದಾಟುತ್ತೆ. ಆದಾಯ ನೋಡಿ ಕೊಡುವ ವಿದ್ಯಾರ್ಥಿವೇತನ ಇದೆ, ಆದರೆ ಅದು ಸಿಕ್ಕೇ ಸಿಗುತ್ತೆ ಅಂತ ಸಾಲ ಮಾಡಬೇಡಿ.

ನನ್ನ ಕಣ್ತಪ್ಪಿದ ಮಗು

ಇಲ್ಲಿ ನನ್ನ ತಪ್ಪೊಂದನ್ನು ಹೇಳಬೇಕು. ಕೆಲವು ವರ್ಷಗಳ ಹಿಂದೆ, ತರಗತಿಯಲ್ಲಿ ಮೂವರನ್ನು ಆರಿಸಿ ನವೋದಯಕ್ಕೆ ತಯಾರು ಮಾಡುತ್ತಿದ್ದೆ. ಹೇಗೆ ಆರಿಸಿದೆ? ಮೂವರೂ ಮುಂದಿನ ಬೆಂಚಿನವರು. ಕೈ ಎತ್ತುವವರು, ಅಕ್ಷರ ಚೆನ್ನಾಗಿರುವವರು, ಅಪ್ಪ ಅಮ್ಮ ಬಂದು ಕೇಳಿದವರು.

ಹಿಂದಿನ ಬೆಂಚಿನಲ್ಲಿ ಒಬ್ಬನಿದ್ದ. ವಾರಕ್ಕೆ ಎರಡು ದಿನ ರಜಾ, ಅಪ್ಪನ ಜೊತೆ ಟೊಮೆಟೊ ಬಿಡಿಸೋಕೆ. ಒಂದು ದಿನ ಕೋಲಾರದ ಎಪಿಎಂಸಿಗೆ ಮಾವಿನ ಗಾಡಿಯವರ ಜೊತೆ ಹೋಗಿದ್ದೆ, ಅಲ್ಲಿ ಸಿಕ್ಕ. ಅವರಪ್ಪ ಹರಾಜಿನವನ ಹತ್ತಿರ ಚೀಟಿ ಇಸ್ಕೊಂಡು ನಿಂತಿದ್ದರು. 67 ಬಾಕ್ಸ್, ಬಾಕ್ಸಿಗೆ ₹340. ಹುಡುಗ ಬಾಯಲ್ಲೇ ಹೇಳಿದ: ‘ಅರವತ್ತಕ್ಕೆ 20,400, ಏಳಕ್ಕೆ 2,380, ಒಟ್ಟು 22,780. ಗಾಡಿ ಬಾಡಿಗೆ ಬಾಕ್ಸಿಗೆ 12 ಅಂದ್ರೆ 804 ಹೋಯ್ತು. 21,976 ಬರಬೇಕು ಅಪ್ಪಾ.’ ನಾನು ಮೊಬೈಲ್ ತೆಗೆದು ಗುಣಿಸಿ ನೋಡಿದೆ. ಸರಿಯಾಗಿತ್ತು. ಅಷ್ಟು ಹೊತ್ತಿಗೆ ನವೋದಯದ ಅರ್ಜಿ ತಾರೀಕು ಮುಗಿದುಹೋಗಿತ್ತು.

ಇದು ನನ್ನೊಬ್ಬಳ ಕಥೆ ಅಲ್ಲ ಅಂತ ಆಮೇಲೆ ಗೊತ್ತಾಯಿತು. ಅಮೆರಿಕದಲ್ಲಿ ಪ್ರತಿಭಾವಂತ ಮಕ್ಕಳಿಗೆ ಬೇರೆ ತರಗತಿಗಳಿರುತ್ತವೆ. ಫ್ಲಾರಿಡಾದ ಒಂದು ದೊಡ್ಡ ಶಾಲಾ ಜಿಲ್ಲೆಯಲ್ಲಿ ಟೀಚರ್ ಅಥವಾ ಅಪ್ಪ ಅಮ್ಮ ಹೆಸರು ಸೂಚಿಸಿದ ಮಕ್ಕಳಿಗೆ ಮಾತ್ರ ಐಕ್ಯೂ, ಅಂದರೆ ಬುದ್ಧಿಮಟ್ಟ ಅಳೆಯುವ ಪರೀಕ್ಷೆ ಮಾಡುತ್ತಿದ್ದರು. 2005ರಿಂದ 2ನೇ ತರಗತಿಯ ಎಲ್ಲ ಮಕ್ಕಳಿಗೂ ಒಂದು ಚಿಕ್ಕ ಚಿತ್ರ ಪರೀಕ್ಷೆ ಕೊಟ್ಟರು. ಬಡ ಮನೆಗಳ, ಕಪ್ಪು ವರ್ಣದ, ಸ್ಪ್ಯಾನಿಷ್ ಮೂಲದ ಮಕ್ಕಳು ಮೊದಲಿಗಿಂತ ಎಷ್ಟೋ ಹೆಚ್ಚಾಗಿ ಆಯ್ಕೆಯಾದರು. ಕಾರ್ಡ್ ಮತ್ತು ಜುಲಿಯಾನೊ ಎಂಬ ಅರ್ಥಶಾಸ್ತ್ರಜ್ಞರು ಇದನ್ನು ಅಧ್ಯಯನ ಮಾಡಿ 2016ರಲ್ಲಿ ಪ್ರಕಟಿಸಿದರು. ಆ ಮಕ್ಕಳು ಮೊದಲೂ ಅಲ್ಲೇ ಇದ್ದರು, ಹಿಂದಿನ ಬೆಂಚಿನಲ್ಲಿ.

ಎಲ್ಲರಿಗೂ ಪರೀಕ್ಷೆ ಕೊಟ್ಟರೂ ತಪ್ಪಿಹೋಗುವವರು ಇರುತ್ತಾರೆ. 1921ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಟರ್ಮನ್ ಅನ್ನುವ ಮನಶ್ಶಾಸ್ತ್ರಜ್ಞ ಐಕ್ಯೂ ಅಳೆದು ಅತಿ ಬುದ್ಧಿವಂತ ಮಕ್ಕಳನ್ನು ಆರಿಸಲು ಶುರು ಮಾಡಿದ. ಪರೀಕ್ಷೆ ಬರೆದೂ ಅವನ ಪಟ್ಟಿಗೆ ಬಾರದ ಇಬ್ಬರು ಹುಡುಗರು ಶಾಕ್ಲಿ ಮತ್ತು ಅಲ್ವಾರೆಝ್. ಮುಂದೆ ಇಬ್ಬರಿಗೂ ಭೌತಶಾಸ್ತ್ರದ ನೊಬೆಲ್ ಬಂತು, 1956ರಲ್ಲಿ ಒಬ್ಬರಿಗೆ, 1968ರಲ್ಲಿ ಇನ್ನೊಬ್ಬರಿಗೆ. ನವೋದಯ ಸಿಗಲಿಲ್ಲ ಅಂತ ಮನೆಯಲ್ಲಿ ಮಗುವಿನ ಮುಂದೆ ಅಳುವ ಅಮ್ಮಂದಿರಿಗೆ ನಾನು ಈ ಕಥೆ ಹೇಳುತ್ತೇನೆ. ಅಳು ನಿಲ್ಲಲ್ಲ, ಆದರೂ ಹೇಳುತ್ತೇನೆ.

ಆ ಟೊಮೆಟೊ ಹುಡುಗನ ಕೈಗೆ ಸಿಕ್ಕಿದ್ದು ಎನ್‌ಎಂಎಂಎಸ್ ಅನ್ನುವ ಕೇಂದ್ರ ಸರ್ಕಾರದ ವಿದ್ಯಾರ್ಥಿವೇತನ. ಈ ಪರೀಕ್ಷೆಯ ಹೆಸರೇ ಎಷ್ಟೋ ಮನೆಗಳಿಗೆ ಮುಟ್ಟಿಲ್ಲ. 8ನೇ ತರಗತಿಯಲ್ಲಿ ಬರೆಯೋದು. ಸರ್ಕಾರಿ, ಅನುದಾನಿತ ಶಾಲೆಯಲ್ಲಿ ಓದುತ್ತಿರಬೇಕು, ಮನೆಯ ವಾರ್ಷಿಕ ಆದಾಯ ₹3.5 ಲಕ್ಷ ದಾಟಿರಬಾರದು, 7ನೇ ತರಗತಿಯಲ್ಲಿ 55% ಬಂದಿರಬೇಕು. ಪರಿಶಿಷ್ಟರಿಗೆ 5% ರಿಯಾಯಿತಿ. ಎರಡು ಪತ್ರಿಕೆ: ಒಂದು ಮಾನಸಿಕ ಸಾಮರ್ಥ್ಯ, ಇನ್ನೊಂದು ಪಾಠದ್ದು. ತಲಾ 90 ಪ್ರಶ್ನೆ, 90 ನಿಮಿಷ. ಆಯ್ಕೆಯಾದರೆ 9ರಿಂದ ದ್ವಿತೀಯ ಪಿಯುವರೆಗೆ ವರ್ಷಕ್ಕೆ ₹12,000 ಮಗುವಿನ ಖಾತೆಗೇ ಬರುತ್ತೆ. ನವೋದಯದಂಥ ವಸತಿ ಶಾಲೆಯ ಮಕ್ಕಳಿಗೆ ಇದು ಇಲ್ಲ. ಅಂದರೆ ಊರ ಶಾಲೆಯಲ್ಲೇ ಉಳಿದ ಮಗುವಿಗೆ ಇರುವ ದಾರಿ ಇದು. ನನ್ನನ್ನು ಕೇಳಿದರೆ, 5ನೇ ತರಗತಿಯಲ್ಲಿ ಏನೂ ಸಿಗದ ಮಗುವಿಗೆ ಮೂರು ವರ್ಷ ಬೆಳೆಯೋಕೆ ಬಿಟ್ಟು ಇದನ್ನು ಬರೆಸೋದು ಬಹಳ ಒಳ್ಳೆಯದು. ಹತ್ತು ವರ್ಷಕ್ಕೆ ಅರಳದ್ದು ಹದಿಮೂರಕ್ಕೆ ಅರಳುತ್ತೆ.

ಪರೀಕ್ಷೆಯೇ ಇಲ್ಲದ ದಾರಿಯೂ ಇದೆ: ಇನ್‌ಸ್ಪೈರ್ ಮಾನಕ್ ಅನ್ನುವ ಕೇಂದ್ರ ಸರ್ಕಾರದ ವಿಜ್ಞಾನ ಯೋಜನೆ. 6ನೇ ತರಗತಿ ಮತ್ತು ಮೇಲಿನ ಮಕ್ಕಳ ಹೊಸ ಐಡಿಯಾಗಳನ್ನು ಶಾಲೆಯೇ ಕಳಿಸಬೇಕು. ಆಯ್ಕೆಯಾದರೆ ಮಾದರಿ ಮಾಡಲು ₹10,000. ಬಿಚ್ಚಿ ಜೋಡಿಸುವ, ಮೋಟಾರ್ ಕೆಡಿಸಿ ಅಪ್ಪನ ಹತ್ತಿರ ಏಟು ತಿನ್ನುವ ಮಗುವಿಗೆ ಇದು ಸರಿ.

ದುಡ್ಡು ಕೊಟ್ಟು ಕೊಳ್ಳುವ ‘ಟ್ಯಾಲೆಂಟ್’

ತುಮಕೂರಿನಂಥ ಊರುಗಳಲ್ಲಿ ಈಗ ಒಂದನೇ ತರಗತಿಯಿಂದಲೇ ‘ಫೌಂಡೇಶನ್’, ‘ಗಿಫ್ಟೆಡ್ ಬ್ಯಾಚ್’ ಅಂತ ಫ್ಲೆಕ್ಸ್ ಕಾಣುತ್ತೆ. ಭಾನುವಾರ ಉಚಿತ ‘ಟ್ಯಾಲೆಂಟ್ ಟೆಸ್ಟ್’, ಸೋಮವಾರ ಫೋನ್: ‘ನಿಮ್ಮ ಮಗುವಿಗೆ 40% ಸ್ಕಾಲರ್‌ಶಿಪ್ ಬಂದಿದೆ.’ ಎಲ್ಲರಿಗೂ ಬಂದಿರುತ್ತೆ! ನನ್ನ ತಂಗಿಗೂ ಹೀಗೇ ಫೋನ್ ಬಂತು. ಅವಳ ಮಗ ಆ ದಿನ ಜ್ವರ ಅಂತ ಪರೀಕ್ಷೆಗೇ ಹೋಗಿರಲಿಲ್ಲ.

ಇಂಥ ಕಡೆ ಮೂರು ವಿಷಯ ಕೇಳಿ. ಪ್ರಶ್ನೆಪತ್ರಿಕೆ ಮನೆಗೆ ಕೊಡುತ್ತೀರಾ? ಎಷ್ಟು ಜನ ಬರೆದರು, ಎಷ್ಟು ಜನ ಆಯ್ಕೆ ಆದರು? ಆಯ್ಕೆ ಆದ ಮಗುವಿಗೆ ತರಗತಿಯಲ್ಲಿ ಏನು ಬೇರೆ ಮಾಡುತ್ತೀರಿ? ಮೂರನೆಯದಕ್ಕೆ ‘7ನೇ ಕ್ಲಾಸಿನದನ್ನು 5ರಲ್ಲೇ ಮಾಡುತ್ತೇವೆ’ ಅನ್ನೋದು ಉತ್ತರವಾದರೆ ಎದ್ದು ಬನ್ನಿ.

ಕಾನೂನಿನ ಮಾತೂ ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 13ನೇ ಸೆಕ್ಷನ್ ಪ್ರಕಾರ ಶಾಲೆಗೆ ಸೇರಿಸಿಕೊಳ್ಳುವಾಗ ಮಗುವನ್ನಾಗಲಿ ಅಪ್ಪ ಅಮ್ಮನನ್ನಾಗಲಿ ಪರೀಕ್ಷೆ ಮಾಡುವಂತಿಲ್ಲ. ಮೊದಲ ಸಲ ತಪ್ಪಿದರೆ ₹25,000, ಆಮೇಲೆ ಪ್ರತಿ ಸಲ ₹50,000ವರೆಗೆ ದಂಡ. ನವೋದಯ, ಸೈನಿಕ ಶಾಲೆಗಳನ್ನು ಕಾಯ್ದೆಯೇ ವಿಶೇಷ ವರ್ಗದಲ್ಲಿ ಇಟ್ಟಿದೆ. ಒಂದನೇ ಕ್ಲಾಸಿಗೆ ಸೇರಿಸೋಕೆ ಮಗುವಿನ ಕೈಲಿ ಎಬಿಸಿಡಿ ಬರೆಸಿ ‘ರಿಸಲ್ಟ್ ನಾಳೆ ಹೇಳ್ತೀವಿ’ ಅನ್ನುವ ಶಾಲೆಗೆ ಆ ಹಕ್ಕಿಲ್ಲ.

ಐಕ್ಯೂ ಪರೀಕ್ಷೆ ಮಾಡಿಸಬೇಕಾ ಅಂತಲೂ ಕೆಲವರು ಕೇಳುತ್ತಾರೆ. ಫ್ರಾನ್ಸಿನ ಮನಶ್ಶಾಸ್ತ್ರಜ್ಞ ಬಿನೆ ಮಾಡಿದ ಬುದ್ಧಿಶಕ್ತಿ ಪರೀಕ್ಷೆಯನ್ನು ವಿ.ವಿ. ಕಾಮತ್ ಅನ್ನುವವರು 1930ರ ದಶಕದಲ್ಲೇ ಕನ್ನಡ, ಮರಾಠಿ ಮಕ್ಕಳಿಗೆ ಹೊಂದಿಸಿದ್ದರು. ಬಿನೆ-ಕಾಮತ್ ಅಂತ ಅದನ್ನು ಮನಶ್ಶಾಸ್ತ್ರಜ್ಞರು ದಶಕಗಳ ಕಾಲ ಬಳಸಿದ್ದಾರೆ. ಆದರೆ ಮೇಲಿನ ಯಾವ ಶಾಲೆಯೂ ಐಕ್ಯೂ ಸಂಖ್ಯೆ ಕೇಳಲ್ಲ. ಸುಮ್ನೆ ತಿಳಿದುಕೊಳ್ಳೋಕೆ ಮಾಡಿಸಬೇಡಿ. ಒಂದು ಸಂದರ್ಭ ಮಾತ್ರ ಬೇರೆ. ಬಾಯಲ್ಲಿ ಎಲ್ಲ ಹೇಳುವ ಮಗು ಬರೆಯೋಕೆ ಕೂತರೆ ಅಕ್ಷರ ತಿರುಗಿಸಿ ಬರೆದರೆ, ಓದೋಕೆ ವಿಪರೀತ ಒದ್ದಾಡಿದರೆ, ‘ಸೋಮಾರಿ’ ಅಂತ ಬೈಯುವ ಮುಂಚೆ ನುರಿತ ಮನಶ್ಶಾಸ್ತ್ರಜ್ಞರಿಗೆ ತೋರಿಸಿ. ಬುದ್ಧಿ ಚುರುಕಾಗಿದ್ದೂ ಕಲಿಕೆಯ ತೊಡಕು ಇರುವ ಮಕ್ಕಳನ್ನು ಯಾವ ಪ್ರವೇಶ ಪರೀಕ್ಷೆಯೂ ಹಿಡಿಯಲ್ಲ.

ಹಾಗಾದರೆ ಏನು ಮಾಡಬೇಕು?

ಮೊರಾರ್ಜಿ, ಆದರ್ಶ, ನವೋದಯ ಮೂರೂ ಬರೆಸಬಹುದು, ಒಂದಕ್ಕೆ ಬರೆದರೆ ಇನ್ನೊಂದಕ್ಕೆ ಬಾಗಿಲು ಮುಚ್ಚಲ್ಲ. ಆದರೆ ತಯಾರಿ ಒಂದಕ್ಕೇ ಗಟ್ಟಿಯಾಗಿ ಮಾಡಿ. ಕಾಗದ ಮಡಚುವ ಆಟದಲ್ಲಿ ಗೆಲ್ಲುವ ಮಗುವಿಗೆ ನವೋದಯ. ಪಾಠ ಒಪ್ಪಿಸುವ ಮಗುವಿಗೆ ಮೊರಾರ್ಜಿ. ರಾತ್ರಿ ಅಮ್ಮನ ಸೆರಗು ಬಿಡದ ಮಗುವಿಗೆ, ಅದು ಎಷ್ಟೇ ಶಾರ್ಪ್ ಆಗಿರಲಿ, ಆದರ್ಶ ಅಥವಾ ಊರ ಶಾಲೆ. ಹತ್ತು ವರ್ಷದ ಮಗು ಹಾಸ್ಟೆಲ್‌ನಲ್ಲಿ ಮೂರು ತಿಂಗಳು ಅತ್ತು ವಾಪಸ್ ಬಂದರೆ ಆ ಸೀಟೂ ಹೋಯಿತು, ಮಗುವಿನ ಧೈರ್ಯವೂ ಹೋಯಿತು.

ಒಎಂಆರ್ ಶೀಟ್, ಅಂದರೆ ಗುಂಡಿ ತುಂಬುವ ಉತ್ತರ ಹಾಳೆಯ ಅಭ್ಯಾಸ ಮಾತ್ರ ಯಾವುದಕ್ಕಾದರೂ ಬೇಕು. ನನ್ನ ಒಬ್ಬ ಹುಡುಗಿ ಅಭ್ಯಾಸದಲ್ಲಿ 23ನೇ ಪ್ರಶ್ನೆ ಬಿಟ್ಟು 24ಕ್ಕೆ ಹೋದಳು. ಶೀಟ್‌ನಲ್ಲಿ ಮಾತ್ರ 23ರ ಗುಂಡಿಯನ್ನೇ ತುಂಬಿದಳು. ಅಲ್ಲಿಂದ ಕೊನೆವರೆಗೆ ಎಲ್ಲ ಉತ್ತರ ಒಂದು ಮನೆ ಮೇಲೆ. ಬಾಲ್ ಪೆನ್ನಿನಲ್ಲಿ ತುಂಬಿದ್ದನ್ನು ಅಳಿಸೋಕಾಗಲ್ಲ. ಅವತ್ತಿಂದ ಪ್ರತಿ ಐದು ಪ್ರಶ್ನೆಗೊಮ್ಮೆ ನಂಬರ್ ಮೇಲೆ ಬೆರಳಿಟ್ಟು ನೋಡಿಕೊಳ್ಳೋದನ್ನು ಅಭ್ಯಾಸ ಮಾಡಿಸಿದ್ದೇನೆ.

ನಾನೀಗ ಯಾರನ್ನೂ ಆರಿಸೋದಿಲ್ಲ. ಜೂನ್ ಎರಡನೇ ವಾರ ಇಡೀ 5ನೇ ತರಗತಿಯನ್ನು ಕೂರಿಸಿ ಒಂದು ಚಿತ್ರದ ಪತ್ರಿಕೆ, ಒಂದು ಬಾಯಿಲೆಕ್ಕ ಮಾಡಿಸುತ್ತೇನೆ. ರಜಾ ಹಾಕಿದವರಿಗೆ ಬಂದ ದಿನ. ಆಮೇಲೆ ಆಧಾರ್, ಜನ್ಮ ಪ್ರಮಾಣಪತ್ರ ಮತ್ತು ನಮ್ಮ ಸ್ಯಾಟ್ಸ್ (ಶಾಲೆಯ ಆನ್‌ಲೈನ್ ವಿದ್ಯಾರ್ಥಿ) ದಾಖಲೆ ಮೂರರಲ್ಲೂ ಹೆಸರು, ಹುಟ್ಟಿದ ದಿನ ಒಂದೇ ಇದೆಯಾ ಅಂತ ಒಂದೊಂದಾಗಿ ನೋಡುತ್ತೇನೆ. ಈ ವರ್ಷ 19 ಮಕ್ಕಳು. ಚಿತ್ರದ ಪತ್ರಿಕೆಯಲ್ಲಿ ಎಲ್ಲರಿಗಿಂತ ಮುಂದೆ ಬಂದವಳು ಮೂರನೇ ಬೆಂಚಿನ ಹುಡುಗಿ, ಮಾತೇ ಆಡದವಳು. ಅವಳ ಆಧಾರ್‌ನಲ್ಲಿ ಹುಟ್ಟಿದ ವರ್ಷ ತಪ್ಪಾಗಿದೆ. ಸೋಮವಾರ ಅವರಪ್ಪನಿಗೆ ಬರೋಕೆ ಹೇಳಿದ್ದೇನೆ.